ಜಾಗ ನಿಮ್ಮದು, ಮರ ಯಾರದು? ಹೊರಗಿನವರಿಂದ ಮಾಡಿಸಿದ ಕೆಲಸದ ಹಕ್ಕಿಗೊಂದು ಮಾರ್ಗದರ್ಶಿ

ಕೊಡಗಿನಲ್ಲಿ ಬಾಣೆ ಜಾಗ (ಗದ್ದೆಗೆ ಸೇರಿದ ಮರಗಳಿರುವ ಗುಡ್ಡದ ಜಾಗ) ಇರುವವರಿಗೆ ಈ ವಿಷಯ ಬಿಡಿಸಿ ಹೇಳಬೇಕಾಗಿಲ್ಲ. ಜಾಗ ನಮ್ಮದು, ಆರ್‌ಟಿಸಿಯಲ್ಲಿ ಹೆಸರು ನಮ್ಮದು, ಕಾಫಿ ನಮ್ಮದು. ಆದರೆ ಜಾಗ ಅನ್‌ರಿಡೀಮ್ಡ್ (ಸರ್ಕಾರದಿಂದ ಬಿಡಿಸಿಕೊಳ್ಳದ್ದು) ಆಗಿದ್ದರೆ ಅದರಲ್ಲಿ ನಿಂತಿರುವ ಮರ ಸರ್ಕಾರದ್ದು. ಮರದ ಬೆಲೆ ಕಟ್ಟಿ ಬಿಡಿಸಿಕೊಳ್ಳದೆ ಕೊಡಲಿ ಹಾಕುವ ಹಾಗಿಲ್ಲ.

ಕಾಪಿರೈಟ್ (ಬರಹ, ಚಿತ್ರದಂಥ ಕೃತಿಯನ್ನು ನಕಲು ಮಾಡಿ ಬಳಸುವ ಹಕ್ಕು) ಕೂಡ ಹಾಗೇ. ಹೋಂಸ್ಟೇಗೆ ವೆಬ್‌ಸೈಟ್ ಮಾಡಿಸಿದ್ದೀರಿ, ದುಡ್ಡು ಕೊಟ್ಟಿದ್ದೀರಿ, ಫೈಲ್ ನಿಮ್ಮ ಪೆನ್‌ಡ್ರೈವ್‌ನಲ್ಲೇ ಇದೆ. ಅದರ ಕಾಪಿರೈಟ್ ಮಾತ್ರ ಮಾಡಿಕೊಟ್ಟ ಹುಡುಗನ ಹತ್ತಿರವೇ ಉಳಿದಿರಬಹುದು. ಕಾಫಿ ಕೊಯ್ಯಲು ಗುತ್ತಿಗೆ ಕೊಟ್ಟರೆ ಹಣ್ಣು ತೋಟದವರದ್ದು, ಅದರಲ್ಲಿ ಯಾರಿಗೂ ಅನುಮಾನ ಇಲ್ಲ. ಅದೇ ಲೆಕ್ಕವನ್ನು ಲೋಗೋ, ಬರಹ, ವೆಬ್‌ಸೈಟ್‌ಗೂ ಹಾಕುತ್ತೇವೆ ನೋಡಿ, ಅಲ್ಲೇ ಎಡವುವುದು.

ನಾನು ವಕೀಲನಲ್ಲ. ಮಡಿಕೇರಿಯಲ್ಲಿ ಕೂತು ಹೋಂಸ್ಟೇಗಳಿಗೆ, ಕಾಫಿಪುಡಿ ಮಾರುವವರಿಗೆ ಲೇಬಲ್, ಬ್ರೋಷರ್, ವೆಬ್‌ಸೈಟ್ ಮಾಡಿಕೊಡುತ್ತೇನೆ. ಕೆಲವು ಕೆಲಸ ಬೇರೆಯವರಿಂದ ಮಾಡಿಸುತ್ತೇನೆ. ಹಾಗಾಗಿ ಎರಡೂ ಕಡೆಯ ಪೆಟ್ಟು ಗೊತ್ತು. ಮೊದಲ ಪೆಟ್ಟು ಒಂದು ಕಾಫಿಪುಡಿ ಪ್ಯಾಕೆಟ್‌ನದ್ದು. ಪ್ಯಾಕೆಟ್ ಹಿಂಬದಿಗೆ ಅಜ್ಜಿ ಕಾಫಿ ಹುರಿಯುವ ಬಗ್ಗೆ ನಾಲ್ಕು ಸಾಲು ಬೇಕಿತ್ತು. ಚೆನ್ನಾಗಿ ಬರೆಯುವ ಗೆಳತಿಯೊಬ್ಬಳಿಗೆ 500 ರೂಪಾಯಿ ಕೊಟ್ಟು ಬರೆಸಿದೆ. ಪ್ಯಾಕೆಟ್ ಹಿಟ್ ಆಯಿತು. ಎರಡು ವರ್ಷ ಕಳೆದ ಮೇಲೆ ಜೂನ್ ತಿಂಗಳ ಒಂದು ಬೆಳಿಗ್ಗೆ ಆ ಪುಡಿಯ ಮಾಲೀಕರು ನೀರು ಸುರಿಯುವ ಕೊಡೆ ಹಿಡಿದುಕೊಂಡೇ ಅಂಗಡಿಗೆ ಬಂದರು. ಅದೇ ಸಾಲುಗಳನ್ನು ಗಾಜಿನ ಜಾಡಿ ಮೇಲೆ, ಟೀ ಶರ್ಟ್ ಮೇಲೆ, ರೇಡಿಯೋ ಜಾಹೀರಾತಿನಲ್ಲಿ ಹಾಕಬೇಕಂತೆ. ಗೆಳತಿಗೆ ಫೋನ್ ಮಾಡಿದೆ. "ನಾನು ಪ್ಯಾಕೆಟ್‌ಗೆ ಅಂತ ಬರೆದಿದ್ದು ಕಣೋ" ಅಂದಳು. ಅವಳು ಹೇಳಿದ್ದು ಸರಿಯಾಗಿಯೇ ಇತ್ತು. ಮಾಲೀಕರಿಗೆ ಕೊಡಲು ನನ್ನ ಕೈಯಲ್ಲಿ ಆ ಸಾಲುಗಳ ಹಕ್ಕೇ ಇರಲಿಲ್ಲ. ಬಿಲ್ ಇತ್ತು, ಅಷ್ಟೇ.

ಆ ಜಾಡಿಯ ಕಥೆ ಏನಾಯಿತೆಂದು ಕೊನೆಗೆ ಹೇಳುತ್ತೇನೆ. ಈಗ ಹೆಜ್ಜೆ ಹೆಜ್ಜೆಯಾಗಿ ನೋಡೋಣ.

ಹೆಜ್ಜೆ 1: ಸಂಬಳದವರಾ, ಗುತ್ತಿಗೆಯವರಾ?

ಎಲ್ಲ ಶುರುವಾಗುವುದು ಇಲ್ಲಿಂದ. ನಮ್ಮ ದೇಶದ ಕಾಪಿರೈಟ್ ಕಾಯ್ದೆ 1957ರದ್ದು. ಅದರ 17ನೇ ಸೆಕ್ಷನ್ ಪ್ರಕಾರ ಕೃತಿಯ ಮೊದಲ ಮಾಲೀಕ ಅದನ್ನು ರಚಿಸಿದವನು. ಇದಕ್ಕೆ ಕೆಲವು ವಿನಾಯಿತಿಗಳಿವೆ. ಮುಖ್ಯವಾದದ್ದು: ನೌಕರಿಯಲ್ಲಿದ್ದುಕೊಂಡು, ನೌಕರಿಯ ಕೆಲಸದ ಭಾಗವಾಗಿ ಮಾಡಿದ್ದು ಧಣಿಗೆ ಸೇರುತ್ತದೆ, ಬೇರೆ ಒಪ್ಪಂದ ಇಲ್ಲದಿದ್ದರೆ. ಗುತ್ತಿಗೆಯವರಿಗೆ ಈ ವಿನಾಯಿತಿ ಹತ್ತುವುದಿಲ್ಲ.

ಯಾರು ನೌಕರ, ಯಾರು ಗುತ್ತಿಗೆಯವನು ಎಂದು ತೀರ್ಮಾನಿಸಲು ಕಾಗದದ ಮೇಲಿನ ಹೆಸರು ಸಾಲದು. ಕೆಲಸ ಹೇಗೆ ಮಾಡಬೇಕೆಂದು ನೀವೇ ಹೇಳುತ್ತೀರಾ, ಅಥವಾ ಏನು ಬೇಕೆಂದು ಮಾತ್ರ ಹೇಳುತ್ತೀರಾ? ಲ್ಯಾಪ್‌ಟಾಪ್, ಕ್ಯಾಮೆರಾ ಯಾರದು? ಅವನು ಬೇರೆಯವರಿಗೂ ಕೆಲಸ ಮಾಡುತ್ತಾನಾ? ತಿಂಗಳ ಸಂಬಳವಾ, ಕೆಲಸಕ್ಕೆ ಇಷ್ಟು ಅಂತಲಾ? ಪಿಎಫ್, ರಜೆ ಇದೆಯಾ? ಕೋರ್ಟ್ ಇವೆಲ್ಲವನ್ನೂ ಒಟ್ಟಿಗೆ ಇಟ್ಟು ನೋಡುತ್ತದೆ. ಕೆಲಸದ ಮೇಲೆ ಹಿಡಿತ ಯಾರದು ಎನ್ನುವುದನ್ನು ಸುಪ್ರೀಂ ಕೋರ್ಟ್ 1956ರಲ್ಲೇ ಧ್ರಾಂಗಧ್ರ ಕೆಮಿಕಲ್ ವರ್ಕ್ಸ್ ಪ್ರಕರಣದಲ್ಲಿ ಮುಖ್ಯ ಅಳತೆಗೋಲಾಗಿ ಇಟ್ಟಿತ್ತು. ಆಮೇಲೆ ಬಂದ ತೀರ್ಪುಗಳು ಅದೊಂದೇ ಸಾಲದು, ಬೇರೆ ಅಂಶಗಳೂ ಬೇಕು ಎಂದವು.

ನೌಕರ ಅಂದ ಕೂಡಲೇ ಅವನು ಮಾಡಿದ್ದೆಲ್ಲ ಧಣಿಯದ್ದೂ ಅಲ್ಲ. ತೋಟದ ರೈಟರನ್ನೇ ತಗೊಳ್ಳಿ. ಅವನ ಕೆಲಸ ಆಳುಗಳ ಹಾಜರಿ, ಕೊಯ್ಲಿನ ತೂಕ, ಬಟವಾಡೆ. ಬೆಳಿಗ್ಗೆ ಮಂಜಿನಲ್ಲಿ ಅವನು ತನ್ನ ಮೊಬೈಲ್‌ನಲ್ಲಿ ತೆಗೆದ ಕಾಫಿ ಹೂವಿನ ಫೋಟೋ ಅವನ ಕೆಲಸದ ಭಾಗ ಅಲ್ಲ. ಸಂಬಳ ಕೊಡುತ್ತೇವೆ ಎಂದು ಅದನ್ನು ಹೇಳದೆ ಕೇಳದೆ ಎಸ್ಟೇಟಿನ ಕ್ಯಾಲೆಂಡರ್‌ಗೆ ಹಾಕುವುದು ತಪ್ಪಾಗುತ್ತದೆ.

ಪತ್ರಿಕೆಗಳ ನಿಯಮ ಇನ್ನೂ ಬೇರೆ. ಸಂಬಳದ ಪತ್ರಕರ್ತರ ಬರಹದಲ್ಲಿ ಪತ್ರಿಕೆಯಲ್ಲಿ ಪ್ರಕಟಿಸುವ ಹಕ್ಕು ಮಾತ್ರ ಮಾಲೀಕರದು, ಉಳಿದದ್ದು ಬರೆದವರದು. ಸುದ್ದಿಗೆ ಇಷ್ಟು ಎಂದು ಕಳಿಸುವ ಅರೆಕಾಲಿಕ ವರದಿಗಾರರು ಸಾಮಾನ್ಯವಾಗಿ ನೌಕರರ ಲೆಕ್ಕಕ್ಕೆ ಬರುವುದಿಲ್ಲ. ಪಕ್ಕದ ಕೇರಳದಲ್ಲಿ ಬೋಬನ್ ಮತ್ತು ಮೋಳಿ ಎಂಬ ಕಾರ್ಟೂನ್ ಪಾತ್ರಗಳ ಬಗ್ಗೆ ಜಗಳ ನಡೆದು, ಕೆಲಸ ಬಿಟ್ಟ ಮೇಲೂ ಆ ಪಾತ್ರಗಳನ್ನು ಬರೆಯುವುದನ್ನು ಪತ್ರಿಕೆ ತಡೆಯುವಂತಿಲ್ಲ ಎಂದು ಅಲ್ಲಿನ ಹೈಕೋರ್ಟ್ ಕಲಾವಿದ ಟಾಮ್ಸ್ ಪರವಾಗಿ ಹೇಳಿತು.

ಹೆಜ್ಜೆ 2: ಮಾಡಿಸಿದ್ದು ಯಾವ ಬಗೆಯ ಕೆಲಸ?

ಇದು ಜಾಸ್ತಿ ಜನಕ್ಕೆ ಗೊತ್ತಿಲ್ಲದ ಭಾಗ. ಗುತ್ತಿಗೆ ಕೆಲಸದಲ್ಲೂ ಎರಡು ಬಗೆ.

ಫೋಟೋ, ಪೇಂಟಿಂಗ್, ಭಾವಚಿತ್ರ, ವಿಡಿಯೋ ಚಿತ್ರ: ಇವನ್ನು ನೀವು ಹೇಳಿ, ಬೆಲೆ ಕೊಟ್ಟು ಮಾಡಿಸಿದರೆ, ಬೇರೆ ಒಪ್ಪಂದ ಇಲ್ಲದಿದ್ದರೆ ಮೊದಲ ಮಾಲೀಕರು ನೀವೇ. ಮದುವೆ ಫೋಟೋಗಳೂ ಇದೇ ಸಾಲಿಗೆ ಬರುತ್ತವೆ. ಕುಪ್ಯಚೇಲೆ ಹಾಕಿ ನಿಂತ ಮದುಮಗನ ಫೋಟೋ ದುಡ್ಡು ಕೊಟ್ಟು ತೆಗೆಸಿದ ಮನೆಯವರದು. ಆದರೆ ಫೋಟೋಗ್ರಾಫರ್ ಕೊಡುವ ಬುಕಿಂಗ್ ಫಾರಂನ ಕೆಳಗೆ ಸಣ್ಣ ಅಕ್ಷರದಲ್ಲಿ "ಕಾಪಿರೈಟ್ ನಮ್ಮದು" ಎಂದಿದ್ದು, ನೀವು ಸಹಿ ಹಾಕಿದ್ದರೆ, ಅದೇ ಒಪ್ಪಂದ. ಓದಿ ಸಹಿ ಹಾಕಿ.

ಬರಹ, ವೆಬ್‌ಸೈಟ್ ಕೋಡ್, ಆ್ಯಪ್, ಅನುವಾದ, ರಾಗ: ಇವು ಆ ಪಟ್ಟಿಯಲ್ಲಿಲ್ಲ. ಸಾವಿರ ಕೊಡಿ, ಲಕ್ಷ ಕೊಡಿ, ಬರೆದುಕೊಡದಿದ್ದರೆ ಹಕ್ಕು ಮಾಡಿದವರಲ್ಲೇ ಉಳಿಯುತ್ತದೆ. ನನ್ನ ಗೆಳತಿಯ ನಾಲ್ಕು ಸಾಲು ಬಂದು ನಿಂತದ್ದು ಇಲ್ಲೇ. ಲೋಗೋವನ್ನೂ ಕಾಯ್ದೆ ಆ ಪಟ್ಟಿಯಲ್ಲಿ ಹೆಸರಿಟ್ಟು ಹೇಳಿಲ್ಲ. ಲೋಗೋ ಪೇಂಟಿಂಗ್ ಆಗುತ್ತದಾ ಎಂದು ವಾದ ಮಾಡುತ್ತಾ ಕೂರುವ ಬದಲು ಬರೆಸಿಕೊಳ್ಳುವುದೇ ಲೇಸು.

"ಬೆಲೆ ಕೊಟ್ಟು" ಎನ್ನುವುದು ಸಣ್ಣ ಮಾತಲ್ಲ. ಕೊಡವ ಕೌಟುಂಬಿಕ ಹಾಕಿ ಪಂದ್ಯಾವಳಿ ಗೊತ್ತಲ್ವಾ? 1997ರಲ್ಲಿ ಕರಡದಲ್ಲಿ ಶುರುವಾದದ್ದು. ಪ್ರತಿ ಸಲ ಒಂದೊಂದು ಒಕ್ಕ (ಕೊಡವ ಮನೆತನ) ಅದನ್ನು ನಡೆಸಿಕೊಡುತ್ತದೆ. ಅಂಥ ಒಂದು ಕೂಟಕ್ಕೆ ಒಕ್ಕದವರ ಅಳಿಯನೇ ಪ್ರೀತಿಯಿಂದ ಸುಮ್ನೆ ಒಂದು ಚಿತ್ರ ಬಿಡಿಸಿಕೊಟ್ಟ ಅಂದುಕೊಳ್ಳಿ. ದುಡ್ಡೂ ಇಲ್ಲ, ನೌಕರಿಯೂ ಇಲ್ಲ. ಕಾಪಿರೈಟ್ ಅಳಿಯನದ್ದೇ. ಅವನನ್ನು ಕೇಳದೆ ಜೆರ್ಸಿ ಮಾರುವವರಿಗೆ ಕೊಟ್ಟರೆ ಮನೆಯೊಳಗೇ ಜಗಳ. ಇನ್ನೊಂದು ತೊಡಕು ಏನಂದರೆ, ಒಕ್ಕ ಎನ್ನುವುದು ನೋಂದಾಯಿತ ಸಂಸ್ಥೆ ಅಲ್ಲದಿದ್ದರೆ ಹಕ್ಕನ್ನು ಯಾರ ಹೆಸರಿಗೆ ಬರೆಸುವುದು? ಟ್ರಸ್ಟ್ ಅಥವಾ ನೋಂದಾಯಿತ ಸಂಘ ಇದ್ದರೆ ಅದರ ಹೆಸರಿಗೆ. ಇಲ್ಲದಿದ್ದರೆ ಅಧ್ಯಕ್ಷ, ಕಾರ್ಯದರ್ಶಿ ಇವರ ಸ್ವಂತ ಹೆಸರು ಹಾಕಿ, ಯಾರ ಪರವಾಗಿ ಎಂದು ಬರೆಯಿರಿ.

ಒಕ್ಕದ ಚರಿತ್ರೆ ಪುಸ್ತಕಕ್ಕೂ ಇದೇ ಮಾತು. ನಿವೃತ್ತ ಮೇಷ್ಟ್ರು ಐನ್‌ಮನೆಗಳನ್ನು (ಒಕ್ಕದ ಮೂಲ ಮನೆಗಳನ್ನು) ಸುತ್ತಿ, ವಂಶಾವಳಿ ಹುಡುಕಿ ಬರೆದರು. ಒಕ್ಕ ಪ್ರಿಂಟ್ ಹಾಕಿಸಿತು. ಅಚ್ಚಿನ ಖರ್ಚು ಕೊಟ್ಟರೆ ಸಿಗುವುದು ಪುಸ್ತಕದ ಪ್ರತಿಗಳು. ಬರಹದ ಹಕ್ಕು ಮೇಷ್ಟ್ರದ್ದು. ಅವರು ತೀರಿಕೊಂಡ ಮೇಲೂ 60 ವರ್ಷ ಅವರ ವಾರಸುದಾರರದ್ದು. ಎರಡನೇ ಮುದ್ರಣಕ್ಕೆ ಯಾರನ್ನು ಕೇಳಬೇಕು ಎಂದು ಮೊದಲೇ ಯೋಚಿಸಿ.

ಇನ್ನು "ಎರಡು ರಾತ್ರಿ ಉಳಿಸಿಕೊಳ್ಳಿ, ರೀಲ್ಸ್ ಮಾಡಿಕೊಡುತ್ತೇನೆ" ಎಂದು ಬರುವವರು. ಊಟ, ವಸತಿಯೂ ಬೆಲೆಯೇ ಎಂದು ವಾದಿಸಬಹುದು. ಆದರೆ ನೀವು ಹೇಳಿ ಮಾಡಿಸಿದ್ದಾ, ಅವರೇ ಬಂದು ಮಾಡಿದ್ದಾ ಎಂದು ಯಾರು ಹೇಳುತ್ತಾರೆ? ರೂಮಿನ ಕೀ ಕೊಡುವ ಮೊದಲೇ ಎರಡು ಸಾಲು ಬರೆಸಿಕೊಳ್ಳಿ.

ಹೆಜ್ಜೆ 3: ಕ್ರಯ ಬೇಕಾ, ಬಾಡಿಗೆ ಸಾಕಾ?

ಹಕ್ಕನ್ನು ಪೂರ್ತಿ ವರ್ಗಾಯಿಸುವುದು ಕ್ರಯದ ಹಾಗೆ. ಲೈಸೆನ್ಸ್ ಕೊಡುವುದು ಬಾಡಿಗೆ ಹಾಗೆ. ಎಲ್ಲದಕ್ಕೂ ಕ್ರಯವೇ ಬೇಕೆಂದು ಹಟ ಹಿಡಿಯುವವರನ್ನು ನೋಡಿದ್ದೇನೆ. ನನ್ನ ಪ್ರಕಾರ ಅದು ಸುಮ್ಮನೆ ದುಡ್ಡು ದಂಡ. ನಿಮ್ಮ ಗುರುತಾಗುವ ಲೋಗೋ, ಬ್ರ್ಯಾಂಡ್ ಹೆಸರಿನ ಅಕ್ಷರ, ಪ್ಯಾಕೆಟ್ ಲೇಬಲ್ ಇವಕ್ಕೆ ಪೂರ್ತಿ ಹಕ್ಕು ತಗೊಳ್ಳಿ. ಬ್ರೋಷರ್‌ನ ಬರಹ, ಅಬ್ಬಿ ಫಾಲ್ಸ್‌ನ ಫೋಟೋ, ಒಂದು ಸೀಸನ್‌ನ ಪೋಸ್ಟರ್ ಇವಕ್ಕೆ ಲೈಸೆನ್ಸ್ ಸಾಕು, ಬೆಲೆಯೂ ಕಡಿಮೆ ಆಗುತ್ತದೆ.

ಮಾಡಿಕೊಡುವವರ ಕಡೆಯಿಂದ ಹೇಳುವುದಾದರೆ, ಪೂರ್ತಿ ಹಕ್ಕು ಕೊಡುವಾಗ ಬೆಲೆ ಬೇರೆ ಹೇಳಿ. ಬಾಡಿಗೆ ದರಕ್ಕೆ ಜಾಗ ಮಾರುವವರು ಯಾರಿದ್ದಾರೆ?

ಹೆಜ್ಜೆ 4: ಬರೆಯಿರಿ, ಆದರೆ ಇಂಟರ್‌ನೆಟ್‌ನಿಂದ ಕಾಪಿ ಹೊಡೆಯಬೇಡಿ

ಅಲ್ಲಿ ಸಿಗುವ ಮಾದರಿಗಳಲ್ಲಿ ಅರ್ಧಕ್ಕರ್ಧ ಅಮೆರಿಕದ್ದು. "ವರ್ಕ್ ಮೇಡ್ ಫಾರ್ ಹೈರ್" ಎಂಬ ಮಾತು ಅವುಗಳಲ್ಲಿ ಇರುತ್ತದೆ. ಅದು ಅವರ ಕಾನೂನಿನ ಮಾತು. ಅಲ್ಲೂ ಹೊರಗಿನವರು ಮಾಡಿದ ಕೆಲಸಕ್ಕೆ ಅದು ಅನ್ವಯಿಸುವುದು ಕಾಯ್ದೆ ಪಟ್ಟಿ ಮಾಡಿದ ಒಂಬತ್ತು ಬಗೆಗಳಿಗೆ ಮಾತ್ರ, ಅದೂ ಬರವಣಿಗೆ ಇದ್ದರೆ. ನಮ್ಮ ಕಾಯ್ದೆಯಲ್ಲಿ ಆ ಹೆಸರಿನ ವ್ಯವಸ್ಥೆಯೇ ಇಲ್ಲ. ನಮ್ಮಲ್ಲಿ ಬೇಕಾದದ್ದು 19ನೇ ಸೆಕ್ಷನ್ ಕೇಳುವಂಥ ವರ್ಗಾವಣೆ ಪತ್ರ.

ಆ ಸೆಕ್ಷನ್ ಏನು ಕೇಳುತ್ತದೆ? ಹಕ್ಕು ಕೊಡುವವರ ಅಥವಾ ಅವರ ಅಧಿಕೃತ ಏಜೆಂಟರ ಸಹಿ ಇರುವ ಬರವಣಿಗೆ. ಯಾವ ಕೃತಿ, ಯಾವ ಯಾವ ಹಕ್ಕು, ಎಷ್ಟು ವರ್ಷ, ಯಾವ ಪ್ರದೇಶ, ಪ್ರತಿಯಾಗಿ ಏನು ಕೊಡುತ್ತೀರಿ, ಇಷ್ಟೂ ಇರಬೇಕು. ಜಾಗ ಖಾಲಿ ಬಿಟ್ಟರೆ ಕಾಯ್ದೆಯೇ ತುಂಬಿಕೊಳ್ಳುತ್ತದೆ, ಅದೂ ನಿಮಗೆ ಬೇಕಾದ ಹಾಗಲ್ಲ. ಅವಧಿ ಬರೆಯದಿದ್ದರೆ 5 ವರ್ಷ. ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ. ನಿಮ್ಮ ಪುಡಿ ದುಬೈಗೆ ಹೋಗುವುದಾದರೆ ಲೇಬಲ್ ಹಕ್ಕು ಮಂಗಳೂರು ಬಂದರಿನಲ್ಲೇ ನಿಂತಂತೆ. ಪಡೆದ ಹಕ್ಕನ್ನು 1 ವರ್ಷದೊಳಗೆ ಬಳಸದಿದ್ದರೆ ಅದು ಬಿದ್ದುಹೋಗುತ್ತದೆ, ಬೇರೆ ಥರ ಬರೆದುಕೊಂಡಿಲ್ಲದಿದ್ದರೆ. ಮಳೆ ಜಾಸ್ತಿಯಾಗಿ ಫಸಲು ಕೈಕೊಟ್ಟು ಪ್ಯಾಕಿಂಗ್ ಮುಂದೂಡಿದವರಿಗೆ ಈ ಒಂದು ವರ್ಷ ಎಷ್ಟು ಬೇಗ ಕಳೆಯುತ್ತದೆಂದು ಗೊತ್ತು.

ನಾನು ಈಗ ಬಳಸುವ ಒಕ್ಕಣೆ ಹೀಗಿದೆ:

"ಅನುಬಂಧದಲ್ಲಿ ಚಿತ್ರ ಸಮೇತ ತೋರಿಸಿರುವ ಲೋಗೋ, ಪ್ಯಾಕೆಟ್ ಲೇಬಲ್ ಹಾಗೂ ಹಿಂಬದಿ ಬರಹದ ಕಾಪಿರೈಟನ್ನು, ಒಪ್ಪಿದ ಮೊತ್ತ ರೂ. ______ ಪೂರ್ತಿ ಸಂದ ದಿನದಿಂದ ಜಾರಿಗೆ ಬರುವಂತೆ, ಕಾಪಿರೈಟ್ ಇರುವ ಪೂರ್ತಿ ಅವಧಿಗೆ, ಪ್ರಪಂಚದ ಎಲ್ಲ ದೇಶಗಳಿಗೆ, ಈ ಪತ್ರದ ಮೂಲಕ ______ ಅವರಿಗೆ ವರ್ಗಾಯಿಸಿದ್ದೇನೆ. ಮುದ್ರಣ, ಪ್ಯಾಕಿಂಗ್, ಬಟ್ಟೆ, ರೇಡಿಯೋ, ಟಿವಿ, ವೆಬ್‌ಸೈಟ್, ಸಾಮಾಜಿಕ ಜಾಲತಾಣ ಇವುಗಳಲ್ಲಿ ಬಳಸುವ, ತಿದ್ದುವ, ಬೇರೆಯವರಿಗೆ ಬಳಸಲು ಕೊಡುವ ಹಕ್ಕುಗಳು ಇದರಲ್ಲಿ ಸೇರಿವೆ. ಒಂದು ವರ್ಷದೊಳಗೆ ಬಳಸದಿದ್ದರೂ ಈ ವರ್ಗಾವಣೆ ರದ್ದಾಗುವುದಿಲ್ಲ. ಇದು ನನ್ನ ಸ್ವಂತ ರಚನೆ. ಬೇರೆಯವರ ಕೃತಿ ಬಳಸಿದ್ದರೆ ಅದರ ಪಟ್ಟಿ ಅನುಬಂಧದಲ್ಲಿದೆ."

ಇದರಲ್ಲಿ ಎರಡು ಕಡೆ ಕಣ್ಣಿಡಿ. "ವರ್ಗಾಯಿಸಿದ್ದೇನೆ" ಎಂದಿದೆ, "ಮುಂದೆ ವರ್ಗಾಯಿಸುತ್ತೇನೆ" ಎಂದಿಲ್ಲ. ಎರಡನೆಯದು ಬರೀ ಮಾತು ಕೊಟ್ಟ ಹಾಗೆ, ಮತ್ತೆ ಇನ್ನೊಂದು ಕಾಗದಕ್ಕೆ ಹಿಂದೆ ಬೀಳಬೇಕು. "ಪೂರ್ತಿ ಸಂದ ದಿನದಿಂದ" ಎನ್ನುವುದು ಮಾಡಿಕೊಡುವವರಿಗೆ ಕಾವಲು. ಬಾಕಿ ಉಳಿಸಿಕೊಂಡು "ಮುಂದಿನ ತಿಂಗಳು ನೋಡೋಣ ಮಾರಾಯ" ಅನ್ನುವವರ ಹತ್ತಿರ ಹಕ್ಕು ಹೋಗುವುದಿಲ್ಲ. ಎಲ್ಲ ಮಾಧ್ಯಮಗಳ ಹೆಸರು ಬರೆಯಲೂ ಕಾರಣವಿದೆ. 2012ರ ತಿದ್ದುಪಡಿ ಪ್ರಕಾರ, ಒಪ್ಪಂದದ ದಿನ ಇನ್ನೂ ಹುಟ್ಟದ ಅಥವಾ ವ್ಯಾಪಾರದ ಬಳಕೆಗೆ ಬಾರದ ಮಾಧ್ಯಮಕ್ಕೆ ವರ್ಗಾವಣೆ ತಾನಾಗಿಯೇ ಹಬ್ಬುವುದಿಲ್ಲ.

ಹೆಜ್ಜೆ 5: ಸರಪಳಿ ಎಲ್ಲಿ ತುಂಡಾಗಿದೆ ನೋಡಿ

ನಿಮಗೆ ಕೆಲಸ ಮಾಡಿಕೊಟ್ಟವನು ಅದನ್ನು ಇನ್ಯಾರಿಂದಲೋ ಮಾಡಿಸಿರಬಹುದು, ನಾನು ಮಾಡಿದ ಹಾಗೆ. ಅವನ ಹತ್ತಿರ ಇಲ್ಲದ್ದನ್ನು ಅವನು ನಿಮಗೆ ಕೊಡಲಾರ. ಆದ್ದರಿಂದ ನೇರವಾಗಿ ಕೇಳಿ: ಅಕ್ಷರದ ಫಾಂಟ್ ಎಲ್ಲಿಯದು? ಆ ಮಲಬಾರ್ ಅಳಿಲಿನ ಫೋಟೋ ಯಾರದು? ವಿಡಿಯೋದ ಹಿನ್ನೆಲೆ ಸಂಗೀತಕ್ಕೆ ಲೈಸೆನ್ಸ್ ಇದೆಯಾ? ವಾಲಗದ ಧಾಟಿ ಪರಂಪರೆಯದೇ ಇರಬಹುದು, ಆದರೆ ಯಾರೋ ಸ್ಟುಡಿಯೋದಲ್ಲಿ ಮಾಡಿದ ಅದರ ರೆಕಾರ್ಡಿಂಗ್‌ಗೆ ಮಾಲೀಕರಿದ್ದಾರೆ.

ಹೆಜ್ಜೆ 6: ಕೀಲಿಕೈ ಇಸ್ಕೊಳ್ಳಿ

ಇದು ಕಾಪಿರೈಟ್ ಅಲ್ಲ, ಆದರೆ ಇದಿಲ್ಲದೆ ಕಾಪಿರೈಟ್ ಇದ್ದೂ ಉಪಯೋಗ ಇಲ್ಲ. ನನ್ನದೇ ಮೊದಲ ಅಂಗಡಿಯ ವೆಬ್‌ಸೈಟನ್ನು ಬೇರೆಯವರು ಮಾಡಿದ್ದರು. ಡೊಮೈನ್ (ವೆಬ್‌ಸೈಟಿನ ವಿಳಾಸ) ಅವರ ಹೆಸರಿನಲ್ಲಿತ್ತು. ಅವರು ಊರು ಬಿಟ್ಟು ಹೋದರು, ನಂಬರ್ ಬದಲಾಯಿತು, ಸರಿಯಾಗಿ ಡಿಸೆಂಬರ್ ಸೀಸನ್‌ನಲ್ಲಿ ಸೈಟ್ ಬಂದ್. ಡೊಮೈನ್ ನಿಮ್ಮ ಇಮೇಲ್‌ನಲ್ಲೇ ಕೊಳ್ಳಿ. ಹೋಸ್ಟಿಂಗ್, ಇನ್‌ಸ್ಟಾಗ್ರಾಂ, ಗೂಗಲ್ ಮ್ಯಾಪ್ ಪುಟ ಎಲ್ಲದರ ಪಾಸ್‌ವರ್ಡ್ ನಿಮ್ಮ ಹತ್ತಿರ ಇರಲಿ. ಲೋಗೋದ ಜೆಪೆಗ್ ಸಾಲದು, ತಿದ್ದಲು ಬರುವ ಮೂಲ ಫೈಲ್ ಕೇಳಿ. ಮೂಲ ಫೈಲ್ ಕೊಡಬೇಕೆಂದು ಒಪ್ಪಂದದಲ್ಲಿ ಇಲ್ಲದಿದ್ದರೆ ಜಗಳ ಗ್ಯಾರಂಟಿ.

ಹೆಜ್ಜೆ 7: ಹೆಸರು ಮತ್ತು ಮರ್ಯಾದೆ

ಹಕ್ಕು ಪೂರ್ತಿ ಮಾರಿದರೂ ಕೃತಿ ನನ್ನದು ಎಂದು ಹೇಳಿಕೊಳ್ಳುವ, ಮರ್ಯಾದೆಗೆ ಕುಂದು ಬರುವಂತೆ ಅದನ್ನು ವಿರೂಪ ಮಾಡುವುದನ್ನು ತಡೆಯುವ ಹಕ್ಕು ರಚಿಸಿದವರಲ್ಲೇ ಇರುತ್ತದೆ. ಇದು 57ನೇ ಸೆಕ್ಷನ್. ಶಿಲ್ಪಿ ಅಮರನಾಥ್ ಸೆಹಗಲ್ ದೆಹಲಿಯ ವಿಜ್ಞಾನ ಭವನಕ್ಕೆ ಕಂಚಿನ ದೊಡ್ಡ ಭಿತ್ತಿಶಿಲ್ಪ ಮಾಡಿದ್ದರು. ಸರ್ಕಾರ ಅದನ್ನು ಕಿತ್ತು ಉಗ್ರಾಣಕ್ಕೆ ಹಾಕಿತು, ಹಾಳಾಯಿತು. 2005ರಲ್ಲಿ ದೆಹಲಿ ಹೈಕೋರ್ಟ್ ಉಳಿದ ಭಾಗಗಳನ್ನು ಅವರಿಗೆ ಮರಳಿಸಿ, 5 ಲಕ್ಷ ರೂಪಾಯಿ ಪರಿಹಾರ ಕೊಡಲು ಹೇಳಿತು. ದುಡ್ಡು ಕೊಟ್ಟು ಮಾಡಿಸಿದ್ದು ಸರ್ಕಾರವೇ ಆಗಿದ್ದರೂ! ಹೋಂಸ್ಟೇ ಗೋಡೆಗೆ ಕಲಾವಿದರಿಂದ ಚಿತ್ರ ಬರೆಸಿದವರು ಸುಣ್ಣ ಬಳಿಯುವ ಮೊದಲು ಅವರಿಗೊಂದು ಫೋನ್ ಮಾಡಿ.

ಹೆಜ್ಜೆ 8: ಸಹಿ, ಸ್ಟ್ಯಾಂಪ್, ರಿಜಿಸ್ಟ್ರೇಷನ್

ಕಾಗದವನ್ನು ಇ-ಸ್ಟ್ಯಾಂಪ್ ಪೇಪರ್ ಮೇಲೆ ಮಾಡಿ. ಎಷ್ಟರ ಸ್ಟ್ಯಾಂಪ್ ಎಂದು ವಕೀಲರನ್ನೋ ಪತ್ರ ಬರೆಯುವವರನ್ನೋ ಕೇಳಿ. ಸ್ಟ್ಯಾಂಪ್ ಕಮ್ಮಿ ಇದ್ದರೆ ಕೊರತೆ ಮತ್ತು ದಂಡ ಕಟ್ಟುವ ತನಕ ಕೋರ್ಟ್ ಅದನ್ನು ಸಾಕ್ಷಿಯಾಗಿ ತೆಗೆದುಕೊಳ್ಳುವುದಿಲ್ಲ. ಮಾಡಿಕೊಡುವವರು ಬೆಂಗಳೂರಿನಲ್ಲಿದ್ದರೆ ಆಧಾರ್ ಇ-ಸೈನ್ ನಡೆಯುತ್ತದೆ. ವಾಟ್ಸ್ಆ್ಯಪ್‌ನಲ್ಲಿ "ಓಕೆ ಸರ್, ನಿಮ್ಮದೇ" ಎಂದು ಬಂದ ಮೆಸೇಜನ್ನು ಸಹಿ ಎಂದು ನಂಬಿ ಕೂರಬೇಡಿ. ಆದರೆ ಅಳಿಸಲೂ ಬೇಡಿ, ಏನು ಮಾತಾಗಿತ್ತು ಎನ್ನುವುದಕ್ಕೆ ಅದೂ ಸಾಕ್ಷಿ.

ಕಾಪಿರೈಟ್ ರಿಜಿಸ್ಟರ್ ಮಾಡಿಸಲೇಬೇಕು ಎಂದಿಲ್ಲ. ಕೃತಿ ಹುಟ್ಟಿದಾಗಲೇ ಹಕ್ಕೂ ಹುಟ್ಟುತ್ತದೆ. ಮಾಡಿಸುವುದಾದರೆ ಕಾಪಿರೈಟ್ ಕಚೇರಿಯ ವೆಬ್‌ಸೈಟಿನಲ್ಲೇ ಅರ್ಜಿ ಹಾಕಬಹುದು. 2013ರ ನಿಯಮಗಳಲ್ಲಿ ಬರಹಕ್ಕೆ 500 ರೂಪಾಯಿ, ಸರಕಿನ ಮೇಲೆ ಬಳಸುವ ಲೋಗೋದಂಥ ಕಲಾಕೃತಿಗೆ 2,000 ರೂಪಾಯಿ ಶುಲ್ಕ ಇಟ್ಟಿದ್ದಾರೆ. ಅರ್ಜಿ ಹಾಕಿದ ಮೇಲೆ ತಕರಾರಿಗೆಂದು 30 ದಿನ ಕಾಯುತ್ತಾರೆ. ಬ್ರ್ಯಾಂಡ್ ಹೆಸರಿಗೆ ಟ್ರೇಡ್‌ಮಾರ್ಕ್ ಬೇರೆ, ಅದನ್ನು ಇದರೊಂದಿಗೆ ಬೆರೆಸಬೇಡಿ.

ಹೆಜ್ಜೆ 9: ಕೆಲಸ ಆಗಿಹೋಗಿದೆ, ಕಾಗದ ಇಲ್ಲ. ಈಗ?

ಹೆಚ್ಚಿನವರು ಇರುವುದು ಇಲ್ಲೇ. ಗಾಬರಿ ಬೇಡ. ಯಾವುದಕ್ಕೆಂದು ಮಾಡಿಸಿದಿರೋ ಅದಕ್ಕೆ ಬಳಸಲು ಅನುಮತಿ ಇತ್ತು ಎಂದು ಸಾಮಾನ್ಯವಾಗಿ ವಾದಿಸಬಹುದು. ಹೊಸ ಬಳಕೆಗೆ ಹೋಗುವಾಗ ಮಾತ್ರ ಕಷ್ಟ. ಸಂಬಂಧ ಚೆನ್ನಾಗಿರುವಾಗಲೇ ಹೋಗಿ ಮಾತಾಡಿ, ಮೇಲಿನ ಒಕ್ಕಣೆಯಲ್ಲೇ ಇವತ್ತಿನ ತಾರೀಕು ಹಾಕಿ ಬರೆಸಿಕೊಳ್ಳಿ. ಹಳೆ ತಾರೀಕು ಹಾಕುವ ಬುದ್ಧಿವಂತಿಕೆ ಬೇಡವೇ ಬೇಡ. ಹೊಸ ಹಕ್ಕಿಗೆ ಹೊಸದಾಗಿ ಏನಾದರೂ ಕೊಡಿ. ಪುಕ್ಕಟೆ ಸಹಿ ಕೇಳಿದರೆ ಎಂಥ ಒಳ್ಳೆಯವರೂ ಮುಖ ತಿರುಗಿಸುತ್ತಾರೆ.

ಮಾತು ಮುರಿದರೆ ವಕೀಲರ ನೋಟಿಸ್, ಆಮೇಲೆ ಜಿಲ್ಲಾ ನ್ಯಾಯಾಲಯ. ಹಕ್ಕುದಾರರು ತಾವು ಇರುವ ಅಥವಾ ವ್ಯವಹಾರ ನಡೆಸುವ ಜಾಗದ ಜಿಲ್ಲಾ ನ್ಯಾಯಾಲಯದಲ್ಲೇ ದಾವೆ ಹಾಕಲು 62ನೇ ಸೆಕ್ಷನ್ ಅವಕಾಶ ಕೊಡುತ್ತದೆ. ನಿಮ್ಮ ಚಿತ್ರವನ್ನು ಮುಂಬೈಯವರು ಕದ್ದಿದ್ದರೂ ಮಡಿಕೇರಿಯಲ್ಲೇ ಕೇಸ್ ಹಾಕಬಹುದು. ಗೊತ್ತಿದ್ದೂ ಕದ್ದವರಿಗೆ 6 ತಿಂಗಳಿಂದ 3 ವರ್ಷದವರೆಗೆ ಜೈಲು, 50 ಸಾವಿರದಿಂದ 2 ಲಕ್ಷದವರೆಗೆ ದಂಡ ಎಂದೂ ಕಾಯ್ದೆಯಲ್ಲಿದೆ. ಆದರೆ ಪರಿಚಯದವರ ನಡುವಿನ ಲೇಬಲ್ ಜಗಳಕ್ಕೆ ಪೊಲೀಸ್ ಸ್ಟೇಷನ್ ಮೆಟ್ಟಿಲು ಹತ್ತುವುದನ್ನು ನಾನಂತೂ ಹೇಳುವುದಿಲ್ಲ.

ಜಾಡಿಯ ಕಥೆ ಬಾಕಿ ಇತ್ತಲ್ವಾ? ನಾನು ಮತ್ತು ಪುಡಿಯ ಮಾಲೀಕರು ಗೆಳತಿಯ ಮನೆಗೇ ಹೋದೆವು. ಕಾಗದ ಓದಿದಳು. 3,000 ರೂಪಾಯಿಗೆ ಒಪ್ಪಿದಳು. ಆಮೇಲೆ ಪೆನ್ನು ಕೈಯಲ್ಲೇ ಹಿಡಿದು, "ಇನ್ನೊಂದು ಕಂಡೀಷನ್, ಪ್ರತಿ ವರ್ಷ ಎರಡು ಕೆಜಿ ಪುಡಿ" ಅಂದಳು. ಮಾಲೀಕರು ನಕ್ಕು "ಅದಕ್ಕೇನಮ್ಮಾ, ಕಳಿಸ್ತೀನಿ" ಅಂದರು. ಬರೀ ಬಾಯಿಮಾತಿಗೆ ಬಿಡದೆ ಅದನ್ನೂ ಕಾಗದಕ್ಕೆ ಸೇರಿಸಿದೆ: ವರ್ಷಕ್ಕೆ 2 ಕೆಜಿ, ಚಿಕೋರಿ ಇಲ್ಲದ್ದು, ಹುತ್ತರಿ ಹಬ್ಬಕ್ಕೆ ಒಂದು ವಾರ ಮೊದಲು.